ಮೇಲಿನ ಮನೆಯ ಹುಡುಗಿ ಹೆರಿಗೆಗೆ ಜೊತೆಗಿರಿ ಅಂತಿದ್ದಾಳೆ, ಒಪ್ಪಿಕೊಳ್ಳಲೇ?

ಪ್ರಶ್ನೆ: ಮೇಡಂ, ನಾನು ತುಮಕೂರಿನವಳು. ವಯಸ್ಸು 38. ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ನಮ್ಮ ಮೇಲಿನ ಬಾಡಿಗೆ ಮನೆಯಲ್ಲಿ ರಾಯಚೂರು ಕಡೆಯ ಗಂಡ ಹೆಂಡತಿ ಇದ್ದಾರೆ. ಬಂದು ಇನ್ನೂ ಒಂದು ವರ್ಷ ಆಗಿಲ್ಲ. ಹುಡುಗಿಗೆ 22 ವರ್ಷ, ಚೊಚ್ಚಲ ಬಸುರಿ, ಈಗ ಏಳು ತಿಂಗಳು. ತಾಯಿ ತೀರಿಕೊಂಡಿದ್ದಾರೆ. ಅತ್ತೆಗೆ ಹುಷಾರಿಲ್ಲ, ಊರು ಬಿಟ್ಟು ಬರುವ ಹಾಗಿಲ್ಲ. ಗಂಡ ಲಾರಿ ಡ್ರೈವರ್, ಯಾವಾಗ ಎಲ್ಲಿರುತ್ತಾನೋ ಗೊತ್ತಿಲ್ಲ. ಮೊನ್ನೆ ಬ್ಲೌಸ್ ತಗೊಂಡು ಹೋಗಲು ಬಂದವಳು, "ಅಕ್ಕಾ, ಹೆರಿಗಿ ಟೈಮಿನ್ಯಾಗ ನೀವೇ ನನ್ನ ಜೋಡಿ ಇರ್ರಿ" ಅಂತ ಕೈ ಹಿಡಿದುಕೊಂಡಳು. "ನೋಡೋಣ" ಅಂದು ಕಳಿಸಿದೆ. ನನಗೆ ಇಬ್ಬರು ಮಕ್ಕಳು. ಮೊದಲನೆಯದು ನಾರ್ಮಲ್, ಆಗ ಲೇಬರ್ ವಾರ್ಡಿನಲ್ಲಿ ತುಂಬಾ ಬೈಸಿಕೊಂಡಿದ್ದೆ, ಅದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ. ಎರಡನೆಯದು ಸಿಸೇರಿಯನ್. ರಕ್ತ ಕಂಡರೆ ತಲೆ ಸುತ್ತುತ್ತದೆ. ನಮ್ಮ ಮನೆಯವರು, "ಏನಾದ್ರೂ ಹೆಚ್ಚು ಕಮ್ಮಿ ಆದ್ರೆ ನಮ್ಮ ತಲೆಗೇ ಬರುತ್ತೆ, ಯಾಕೆ ಬೇಕು?" ಅಂತಾರೆ. ನಾನು ಸಂಬಂಧಿಕಳೂ ಅಲ್ಲ. ಆಸ್ಪತ್ರೆಯವರು ಒಳಗೆ ಬಿಡುತ್ತಾರಾ? ಒಪ್ಪಿಕೊಂಡರೆ ನಾನು ಮಾಡಬೇಕಾದ್ದೇನು? ಮಧ್ಯದಲ್ಲಿ ನನ್ನ ಕೈಲಿ ಆಗಲ್ಲ ಅನ್ನಿಸಿದರೆ?

ಉತ್ತರ: ಒಪ್ಪಿಕೊಳ್ಳಿ ಅಂತಲೇ ನನ್ನ ಸಲಹೆ. ನಿಮ್ಮ ಕಾಗದ ಓದಿದರೆ, ಒಳಗೆ ಹೋದ ಮೇಲೆ ಹೆರಿಗೆಯ ಭಾರವೆಲ್ಲ ನಿಮ್ಮ ಮೇಲೇ ಬೀಳುತ್ತದೆ ಅಂತ ನೀವು ಹೆದರಿದ ಹಾಗಿದೆ. ಮಗು ಹಿಡಿಯಲು, ಬಿಪಿ ನೋಡಲು, ತೀರ್ಮಾನ ಮಾಡಲು ಅಲ್ಲಿ ಸಿಸ್ಟರ್ ಇದ್ದಾರೆ, ಡಾಕ್ಟರ್ ಇದ್ದಾರೆ. ಅವರಿಗೆ ಪುರುಸೊತ್ತಿಲ್ಲದ ಕೆಲಸ ಒಂದಿದೆ. ನೋವು ಶುರುವಾದಾಗಿನಿಂದ ಮಗು ಎದೆಗೆ ಬರುವ ತನಕ ಆ ಹುಡುಗಿಯನ್ನು ಬಿಟ್ಟು ಏಳದೆ ಪಕ್ಕದಲ್ಲೇ ಕೂರುವುದು. ಅವಳು ನಿಮ್ಮನ್ನು ಕೇಳಿರುವುದು ಅಷ್ಟನ್ನೇ. ಹೆರಿಗೆ ವಾರ್ಡಿನ ನರ್ಸಾಗಿ ವರ್ಷಗಟ್ಟಲೆ ಕೆಲಸ ಮಾಡಿದವಳು ನಾನು. ಪಕ್ಕದಲ್ಲಿ ತನ್ನವರು ಅನ್ನುವವರು ಒಬ್ಬರು ಇದ್ದ ಹೆಂಗಸಿಗೂ, ಗೋಡೆ ನೋಡಿಕೊಂಡು ಒಬ್ಬಳೇ ನರಳುವ ಹೆಂಗಸಿಗೂ ಇರುವ ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತು.

ಇದು ಬರೀ ನನ್ನ ಅನಿಸಿಕೆಯಲ್ಲ. ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಕಾಕ್ರೇನ್ ಅನ್ನುವ ಸಂಸ್ಥೆಯ ಪರಿಶೀಲನೆಯೊಂದು 2017ರಲ್ಲಿ ಪ್ರಕಟವಾಯಿತು, ಅದು 17 ದೇಶಗಳ 26 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಅದರಲ್ಲಿ 15 ಸಾವಿರಕ್ಕೂ ಜಾಸ್ತಿ ಹೆಂಗಸರ ಹೆರಿಗೆಗಳ ಲೆಕ್ಕ ಇತ್ತು. ಉದ್ದಕ್ಕೂ ಒಬ್ಬರು ಜೊತೆಗಿದ್ದರೆ ಸಹಜ ಹೆರಿಗೆ ಆಗುವ ಸಾಧ್ಯತೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಅವಧಿಯೂ ಸ್ವಲ್ಪ ಕಡಿಮೆ ಅಂತ ಕಂಡುಬಂತು. ಹೆರಿಗೆಯ ಬಗ್ಗೆ ಕಹಿ ನೆನಪು ಉಳಿಯುವುದೂ ಕಡಿಮೆ. ಇದರ ಹಿಂದೆ ಮೈಯ ಕೆಲಸವೇ ಇದೆ. ಗರ್ಭಕೋಶ ಹಿಂಡುವುದು ಆಕ್ಸಿಟೋಸಿನ್ ಅನ್ನುವ ಹಾರ್ಮೋನಿನಿಂದ. ಹೆದರಿದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಅದು ಏರಿದರೆ ನೋವು ಹದ ತಪ್ಪುತ್ತದೆ, ಮೈ ಬಿಗಿಯುತ್ತದೆ, ಅದೇ ನೋವು ಎರಡು ಪಟ್ಟು ಅನ್ನಿಸುತ್ತದೆ. ಹೆದರಿಕೆ ಇಳಿಸುವವರು ಪಕ್ಕದಲ್ಲಿದ್ದರೆ ಮೈ ತನ್ನ ಕೆಲಸ ತಾನು ಮಾಡಿಕೊಂಡು ಹೋಗುತ್ತದೆ.

ನೀವು ತುಮಕೂರಿನವರು, ಸೂಲಗಿತ್ತಿ ನರಸಮ್ಮನವರ ಹೆಸರು ಕೇಳಿಯೇ ಇರುತ್ತೀರಿ. ಪಾವಗಡ ತಾಲೂಕಿನ ಕೃಷ್ಣಾಪುರದವರು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. 15 ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ದುಡ್ಡು ಮುಟ್ಟದೆ ಮಾಡಿಸಿದವರು. ಸೂಲಗಿತ್ತಿ ಅಂದರೆ ಮಗು ಹಿಡಿಯುವವಳು ಮಾತ್ರ ಆಗಿರಲಿಲ್ಲ, ರಾತ್ರಿಯೆಲ್ಲ ಆ ಮನೆಯಲ್ಲೇ ಕೂತು ಬೆನ್ನು ಸವರುವವಳೂ ಅವಳೇ. ಹೆರಿಗೆ ಆಸ್ಪತ್ರೆಗೆ ಬಂದದ್ದರಿಂದ ಎಷ್ಟೋ ತಾಯಂದಿರ ಜೀವ ಉಳಿದಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆನ್ನು ಸವರುವ ಕೈ ಮಾತ್ರ ಗೇಟಿನ ಆಚೆಯೇ ಉಳಿದುಬಿಟ್ಟಿತು. ಅದನ್ನು ಮತ್ತೆ ಒಳಗೆ ಕರೆಸಲು ಸರ್ಕಾರವೇ ನಿಯಮ ಮಾಡಬೇಕಾಯಿತು.

ಆ ನಿಯಮ ನಿಮಗೆ ಗೊತ್ತಿರಲಿ. 2016ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯೊಳಗೆ ಒಬ್ಬರು ಜೊತೆಗಾರ್ತಿ ಇರಬಹುದು ಅಂತ ಹೇಳಿತು. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗಳನ್ನು ಸುಧಾರಿಸಲು 2017ರ ಕೊನೆಯಲ್ಲಿ ಬಂದ ‘ಲಕ್ಷ್ಯ’ ಕಾರ್ಯಕ್ರಮದಲ್ಲೂ ಅದು ಸೇರಿದೆ. ಜೊತೆಗಿರುವವಳು ಹೆರಿಗೆಯ ಅನುಭವ ಇರುವ ಹೆಂಗಸಾದರೆ ಒಳ್ಳೆಯದು, ಅಂಟುರೋಗ ಇರಬಾರದು, ಶುಭ್ರವಾದ ಬಟ್ಟೆ ಹಾಕಿರಬೇಕು, ಕೊನೆಯ ತನಕ ಇರಲು ತಯಾರಿರಬೇಕು. ಸಿಬ್ಬಂದಿಯ ಕೆಲಸದಲ್ಲಿ ಕೈ ಹಾಕಬಾರದು, ಅಲ್ಲಿರುವ ಬೇರೆ ಬಸುರಿಯರನ್ನು ನೋಡಿಕೊಳ್ಳಲು ಹೋಗಬಾರದು. ಇದರಲ್ಲಿ ನಿಮಗೆ ಆಗದಿರುವುದು ಯಾವುದೂ ಇಲ್ಲ, ಅಲ್ವಾ? ಒಂದೇ ತೊಡಕು, ಆ ನಿಯಮ ಸಂಬಂಧಿಕ ಹೆಂಗಸು ಅನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೊಟ್ಟ ಸಲಹೆಯಲ್ಲಿ ಮಾತ್ರ ಸಂಬಂಧದ ಮಾತಿಲ್ಲ, ಹೆರುವವಳು ತಾನು ಆರಿಸಿಕೊಂಡವರು ಅಂತಿದೆ.

ಹಾಗಾಗಿ ಆ ದಿನ ಗೇಟಿನ ಹತ್ತಿರ ವಾದ ಮಾಡುವ ಬದಲು ಮುಂಚೆಯೇ ಹೋಗಿ ಮಾತಾಡಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಡಾಕ್ಟರೇ ಉಚಿತವಾಗಿ ನೋಡುವ ದಿನ. ಅವತ್ತು ಅವಳ ಜೊತೆ ನೀವೂ ಹೋಗಿ. ಲೇಬರ್ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಯಾರು ಅಂತ ಕೇಳಿ ಅವರನ್ನು ಕಾಣಿ. ಹುಡುಗಿಯೇ ತನ್ನ ಬಾಯಲ್ಲಿ, "ನನಗೆ ಅಮ್ಮ ಇಲ್ಲ, ಈ ಅಕ್ಕನೇ ನನ್ನ ಜೊತೆ ಇರುತ್ತಾರೆ" ಅಂತ ಹೇಳಲಿ. ಅವಳ ಏರಿಯಾದ ಆಶಾ ಕಾರ್ಯಕರ್ತೆಗೂ ನಿಮ್ಮ ಹೆಸರು, ಫೋನ್ ನಂಬರ್ ಗೊತ್ತಿರಲಿ. ಆಶಾ ಹೇಳಿದರೆ ಕೆಲಸ ಸಲೀಸು. ಅಕ್ಕ, ಚಿಕ್ಕಮ್ಮ ಅಂತ ಸುಳ್ಳು ಹೇಳಿ ಒಳಗೆ ಹೋಗಬೇಡಿ. ನಡುರಾತ್ರಿ ಏನೋ ಸಹಿ ಬೇಕಾದಾಗ ಆ ಸುಳ್ಳು ಕಾಲಿಗೆ ತೊಡರಿಕೊಳ್ಳುತ್ತದೆ. ಖಾಸಗಿ ಆಸ್ಪತ್ರೆಯಾದರೆ ಒಂದೊಂದು ಕಡೆ ಒಂದೊಂದು ಪದ್ಧತಿ, ಅಲ್ಲೂ ಮುಂಚೆಯೇ ಕೇಳಿ.

ಇನ್ನು ನಿಮ್ಮ ಮನೆಯವರ ಮಾತು. ಅವರ ಭಯ ತಪ್ಪಲ್ಲ. ಆದರೆ ಅದಕ್ಕೆ ದಾರಿ ಇದೆ. ಹುಡುಗಿ ವಯಸ್ಸಿಗೆ ಬಂದವಳು. ಪ್ರಜ್ಞೆ ಇರುವ ತನಕ ತನ್ನ ಚಿಕಿತ್ಸೆಗೆ ಒಪ್ಪಿಗೆ ಕೊಡುವವಳು ಅವಳೇ. ವಯಸ್ಕ ರೋಗಿಯ ಬದಲಿಗೆ ಹೆತ್ತ ತಾಯಿ ಕೊಟ್ಟ ಒಪ್ಪಿಗೆಯೂ ಸಾಲದು ಅಂತ 2008ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ರೂಢಿಯಲ್ಲಿ ಆಸ್ಪತ್ರೆಯವರು "ಪೇಷೆಂಟ್ ಕಡೆಯವರು ಯಾರು?" ಅಂತ ಕೂಗಿ ಕರೆದು ಸಹಿ ಕೇಳುತ್ತಾರೆ. ಆಗ ನೀವು, "ಅವಳೇ ಸಹಿ ಮಾಡುತ್ತಾಳೆ, ಗಂಡನಿಗೆ ಫೋನ್ ಹಚ್ಚಿ ಕೊಡುತ್ತೇನೆ, ನಾನು ಕೆಳಗಿನ ಮನೆಯವಳು" ಅನ್ನಿ. ಸಾಕ್ಷಿ ಅಂತ ಸಹಿ ಹಾಕಬೇಕಾಗಿ ಬಂದರೆ ಓದಿ ಹಾಕಿ, ಸಂಬಂಧದ ಜಾಗದಲ್ಲಿ ಪರಿಚಯದವರು ಅಂತಲೇ ಬರೆಯಿರಿ. ಜೀವಕ್ಕೆ ತೊಂದರೆ ಅನ್ನುವ ಹೊತ್ತಿನಲ್ಲಿ ಡಾಕ್ಟರು ಯಾರ ಸಹಿಗೂ ಕಾಯದೆ ಚಿಕಿತ್ಸೆ ಮಾಡಬಹುದು, ಮಾಡಬೇಕು ಕೂಡ.

ಅವಳ ಗಂಡ ಮುಂದಿನ ಸಲ ಊರಿಗೆ ಬಂದಾಗ ನಾಲ್ವರೂ ಕೂತು ಮಾತಾಡಿ. ನಿಮ್ಮ ಮನೆಯವರೂ ಇರಲಿ. ಆಸ್ಪತ್ರೆ ಯಾವುದು, ದುಡ್ಡು ಯಾರ ಹತ್ತಿರ ಇರುತ್ತದೆ, ಅವನ ಫೋನ್ ಹತ್ತದಿದ್ದರೆ ಎರಡನೇ ನಂಬರ್ ಯಾರದ್ದು, ರಕ್ತ ಬೇಕಾದರೆ ಕೊಡುವವರು ಯಾರು, ಇವೆಲ್ಲ ಅಲ್ಲೇ ಇತ್ಯರ್ಥ ಆಗಲಿ. ಅವಳ ರಕ್ತದ ಗುಂಪು ತಾಯಿ ಕಾರ್ಡಿನಲ್ಲಿ ಇರುತ್ತದೆ, ನೋಡಿಕೊಳ್ಳಿ. ದಿನ ಹತ್ತಿರ ಬಂದ ಮೇಲೆ ದೂರದ ಲೋಡ್ ಒಪ್ಪಿಕೊಳ್ಳಬೇಡ ಅಂತ ಅವನಿಗೆ ನೀವು ಧಾರಾಳವಾಗಿ ಹೇಳಬಹುದು. ದುಡ್ಡಿನ ವಿಷಯದಲ್ಲಿ ಅವರಿಗೆ ಗೊತ್ತಿಲ್ಲದಿದ್ದರೆ ತಿಳಿಸಿ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ ಪೂರ್ತಿ ಉಚಿತ. ಸಿಸೇರಿಯನ್, ಔಷಧ, ರಕ್ತ, ಹೋಗಿ ಬರುವ ಗಾಡಿ ಎಲ್ಲ ಅದರಲ್ಲೇ ಬರುತ್ತದೆ. ನಾರ್ಮಲ್ ಆದರೆ 3 ದಿನ, ಆಪರೇಷನ್ ಆದರೆ 7 ದಿನ ತಾಯಿಗೆ ಊಟವೂ ಉಂಟು.

ನಿಮ್ಮ ಮೊದಲ ಹೆರಿಗೆಯ ವಿಷಯ ಓದಿ ನನಗೆ ಬೇಜಾರಾಯಿತು. ಅಷ್ಟು ವರ್ಷ ಆದರೂ ಕೈ ನಡುಗುತ್ತದೆ ಅಂದರೆ ಆ ಗಾಯ ಇನ್ನೂ ಹಸಿಯಾಗಿದೆ. ಅವಳಿಗೆ ಹೆರಿಗೆ ಆಗುವ ಮುಂಚೆ ನಿಮ್ಮ ಗೆಳತಿಯ ಹತ್ತಿರವೋ ತಂಗಿಯ ಹತ್ತಿರವೋ ಆ ಕಥೆಯನ್ನು ಪೂರ್ತಿಯಾಗಿ ಒಮ್ಮೆ ಹೇಳಿಕೊಳ್ಳಿ. ಅಳು ಬಂದರೆ ಅತ್ತುಬಿಡಿ. ಆ ಹುಡುಗಿಯ ಮುಂದೆ ಮಾತ್ರ ಬೇಡ. ನಮ್ಮಲ್ಲಿ ಬಸುರಿಯನ್ನು ಕಂಡ ತಕ್ಷಣ ಎಲ್ಲರಿಗೂ ತಮ್ಮ ತಮ್ಮ ಹೆರಿಗೆಯ ಕಷ್ಟ ನೆನಪಾಗಿಬಿಡುತ್ತದೆ. ನಿನ್ನೆ ಮೊನ್ನೆ ಪರಿಚಯವಾದವರೂ ಕೂತು ಹೇಳುತ್ತಾರೆ. ಕೇಳಿಸಿಕೊಂಡವಳು ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡು ಮಲಗಿರುತ್ತಾಳೆ. ಅವಳಾಗಿ ಕೇಳಿದರೆ ನಿಜ ಹೇಳಿ, ಕೇಳಿದಷ್ಟೇ ಹೇಳಿ.

ರಕ್ತಕ್ಕೂ ಉಪಾಯ ಇದೆ. ನಿಮ್ಮ ಜಾಗ ಅವಳ ತಲೆಯ ಹತ್ತಿರ, ಭುಜದ ಪಕ್ಕ. ಅವಳ ಮುಖ ನೋಡಿಕೊಂಡು ನಿಂತರೆ ಕೆಳಗೆ ಏನಾಗುತ್ತಿದೆ ಅನ್ನುವುದು ಕಾಣುವುದೇ ಇಲ್ಲ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ತಲೆ ಸುತ್ತಿದ ಹಾಗಾದರೆ ತಕ್ಷಣ ಅಲ್ಲೇ ನೆಲದ ಮೇಲೆ ಕೂತು ತಲೆ ಬಗ್ಗಿಸಿ, ಸಿಸ್ಟರಿಗೆ ಹೇಳಿ. ನಿಂತೇ ತಡೆದುಕೊಳ್ಳಲು ಹೋಗಿ ಬಿದ್ದರೆ ಅವರು ಇಬ್ಬರನ್ನು ನೋಡಬೇಕಾಗುತ್ತದೆ.

ಈಗಿನಿಂದ ಹೆರಿಗೆಯ ತನಕ ಸಿಗುವ ವಾರಗಳಲ್ಲಿ ಅವಳ ಜೊತೆ ಮಾತಾಡಿ. ನೋವು ಬಂದಾಗ ಮುಟ್ಟಿದರೆ ಇಷ್ಟವಾ, ಮುಟ್ಟಿದರೆ ಸಿಟ್ಟು ಬರುತ್ತದಾ? ದೇವರ ನಾಮ ಕೇಳಬೇಕಾ? ಗಂಡ ಫೋನಿನಲ್ಲಿ ಇರಬೇಕಾ? ಏನಕ್ಕೆ ತುಂಬಾ ಹೆದರಿಕೆ? ಅವಳ ಅಮ್ಮನ ನೆನಪಾದರೆ ಮಾತಾಡಲು ಬಿಡಿ. ಚೊಚ್ಚಲ ಬಾಣಂತನ ತವರಲ್ಲಿ ಅನ್ನುವ ನಾಡಿನಲ್ಲಿ ತವರೇ ಇಲ್ಲದ ಹುಡುಗಿಗೆ ಈ ತಿಂಗಳುಗಳು ಬಹಳ ಭಾರ. "ಅಮ್ಮ ಇಲ್ಲ ಅಂತ ಯೋಚನೆ ಮಾಡಬೇಡ" ಅಂದರೆ ಅವಳು ಬಾಯಿ ಮುಚ್ಚಿಕೊಳ್ಳುತ್ತಾಳೆ ಅಷ್ಟೇ. "ನಿಮ್ಮಮ್ಮ ಏನು ಅಡುಗೆ ಚೆನ್ನಾಗಿ ಮಾಡ್ತಿದ್ರು?" ಅಂತ ಕೇಳಿ ನೋಡಿ.

ಎಂಟು ತಿಂಗಳು ತುಂಬುವುದರೊಳಗೆ ಒಂದು ಬ್ಯಾಗ್ ರೆಡಿ ಇರಲಿ. ತಾಯಿ ಕಾರ್ಡ್, ಸ್ಕ್ಯಾನ್ ಮತ್ತು ರಕ್ತ ಪರೀಕ್ಷೆಯ ಕಾಗದ, ಇಬ್ಬರ ಆಧಾರ್, ಪಾಸ್‌ಬುಕ್ಕು ಒಂದು ಕವರಿನಲ್ಲಿ. ಮುಂದೆ ಗುಂಡಿ ಇರುವ ನೈಟಿ, ದೊಡ್ಡ ಪ್ಯಾಡ್, ಒಗೆದು ಬಿಸಿಲಿಗೆ ಒಣಗಿಸಿದ ಹಳೆ ಕಾಟನ್ ಸೀರೆ, ಮಗುವಿಗೆ ಟೋಪಿ, ಕಾಲುಚೀಲ, ಬಟ್ಟೆ. ನಿಮಗೂ ಒಂದು ಜೊತೆ ಬಟ್ಟೆ, ಒಂದು ಸ್ವೆಟರ್, ಫ್ಲಾಸ್ಕ್, ಫೋನಿನ ಚಾರ್ಜರ್, ಚಿಲ್ಲರೆ ದುಡ್ಡು. ನೀವು ಟೈಲರ್ ಅಲ್ವಾ, ಮಗುವಿನ ಬಟ್ಟೆಗೆ ಗುಂಡಿ ಬದಲು ಲಾಡಿ ಹಾಕಿ ಹೊಲಿಯಿರಿ, ಹೊಲಿಗೆಯ ಅಂಚು ಹೊರಗಡೆ ಬರಲಿ. ಎಳೆ ಚರ್ಮಕ್ಕೆ ಅದು ಒರಟಾಗುವುದಿಲ್ಲ.

ಯಾವಾಗ ಹೊರಡಬೇಕು ಅನ್ನುವುದು ಮುಖ್ಯ. ನಿಜವಾದ ಬೇನೆ ಬಿಟ್ಟು ಬಿಟ್ಟು ಬರುತ್ತದೆ, ಬರುಬರುತ್ತಾ ಹತ್ತಿರ ಹತ್ತಿರ ಆಗುತ್ತದೆ, ಜೋರಾಗುತ್ತದೆ, ಓಡಾಡಿದರೂ ಮಲಗಿದರೂ ಹೋಗುವುದಿಲ್ಲ. ಸುಳ್ಳು ನೋವು ಹೊತ್ತುಗೊತ್ತಿಲ್ಲದೆ ಬಂದು ತಾನಾಗಿ ನಿಂತುಹೋಗುತ್ತದೆ. ಚೊಚ್ಚಲಾದ್ದರಿಂದ ಸುಮಾರು 5 ನಿಮಿಷಕ್ಕೊಮ್ಮೆ, ಒಂದೊಂದು ನೋವೂ ಒಂದು ನಿಮಿಷದ ಹತ್ತಿರ, ಹೀಗೆ ಒಂದು ಗಂಟೆ ನಡೆದರೆ ಹೊರಡಿ. ಆದರೆ ಕೆಲವಕ್ಕೆ ಕಾಯುವ ಹಾಗೇ ಇಲ್ಲ. ನೀರು ಹೋದರೆ, ಅದೂ ಹಸಿರು ಅಥವಾ ಕಂದು ಬಣ್ಣದ ನೀರಾದರೆ, ರಕ್ತ ಹರಿದರೆ, ಮಗು ಆಡುವುದು ಕಡಿಮೆಯಾದರೆ, ತಲೆ ಸಿಡಿಯುವ ನೋವು ಬಂದು ಕಣ್ಣು ಮಂಜಾದರೆ, ಫಿಟ್ಸ್ ಬಂದರೆ, 37 ವಾರಕ್ಕೆ ಮುಂಚೆಯೇ ನೋವು ಶುರುವಾದರೆ, ಆ ಕ್ಷಣವೇ 108ಕ್ಕೆ ಫೋನ್ ಮಾಡಿ. ಲೋಳೆಯ ಜೊತೆ ಸ್ವಲ್ಪ ರಕ್ತ ಕಂಡರೆ ಗಾಬರಿ ಬೇಡ, ಅದು ಬೇನೆ ಹತ್ತಿರ ಬಂದಿರುವ ಗುರುತು. ಮನೆಯಲ್ಲಿ ಕಷಾಯ ಕುಡಿಸುವುದು, ಬೀದಿ ಬದಿಯ ಕ್ಲಿನಿಕ್ಕಿನಲ್ಲಿ "ನೋವು ಬರೋ ಇಂಜೆಕ್ಷನ್" ಹಾಕಿಸುವುದು ಖಂಡಿತ ಬೇಡ. ಆ ಇಂಜೆಕ್ಷನ್ ಲೆಕ್ಕ ತಪ್ಪಿದರೆ ಗರ್ಭಕೋಶವೇ ಹರಿಯಬಹುದು.

ಆಸ್ಪತ್ರೆಯಲ್ಲಿ ಮೊದಲು ನಿಮ್ಮ ತಾಳ್ಮೆ ಪರೀಕ್ಷೆಗೆ ಬರುತ್ತದೆ. ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆಯುವ ತನಕದ ಹೊತ್ತಿಗೆ ಲೆಕ್ಕವೇ ಇಲ್ಲ, ಒಬ್ಬೊಬ್ಬರಿಗೆ ಒಂದೊಂದು ಥರ. ಅಲ್ಲಿಂದ ಮುಂದೆ ಚೊಚ್ಚಲಿನವರಿಗೆ 12 ಗಂಟೆಯ ತನಕ ಹಿಡಿಯಬಹುದು. "ಇನ್ನೂ ಎಷ್ಟು ಹೊತ್ತು?" ಅಂತ ಅವಳು ಕೇಳುತ್ತಲೇ ಇರುತ್ತಾಳೆ. "ಇನ್ನೇನು ಆಗೇ ಹೋಯ್ತು" ಅಂತ ಸುಳ್ಳು ಹೇಳಬೇಡಿ. ಎರಡು ಗಂಟೆ ಕಳೆದ ಮೇಲೆ ಅವಳು ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ. "ಈ ನೋವು ಹೋಯ್ತು ನೋಡು. ಮುಂದಿನದು ಬಂದಾಗ ನೋಡ್ಕೊಳ್ಳೋಣ" ಅನ್ನಿ. ಅಷ್ಟು ಸಾಕು.

ಡಾಕ್ಟರು ಬೇಡ ಅನ್ನದಿದ್ದರೆ ಅವಳು ಓಡಾಡಲಿ. ಬಾಲ್ಕನಿಯ ಕಂಬಿಯೋ ನಿಮ್ಮ ಭುಜವೋ ಹಿಡಿದು ಮುಂದಕ್ಕೆ ಬಾಗಿ ಸೊಂಟ ಆಡಿಸಲಿ. ಸದಾ ಅಂಗಾತ ಮಲಗಿಸುವುದು ಒಳ್ಳೆಯದಲ್ಲ, ಮಲಗಿದರೆ ಎಡ ಮಗ್ಗುಲಿಗೆ. ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಕರೆದುಕೊಂಡು ಹೋಗಿ. ತುಂಬಿದ ಮೂತ್ರಚೀಲ ಮಗುವಿನ ದಾರಿಗೆ ಅಡ್ಡ ಬರುತ್ತದೆ. ಅವಳಿಗೇ ಆ ಕಡೆ ಗಮನ ಇರುವುದಿಲ್ಲ. ಸಿಸ್ಟರನ್ನು ಕೇಳಿಕೊಂಡು ಎಳನೀರು, ಗಂಜಿ, ಮಜ್ಜಿಗೆ ಗುಟುಕು ಗುಟುಕಾಗಿ ಕೊಡಿ. ತೊಂದರೆಯಿಲ್ಲದ ಬಸುರಿಗೆ ಕುಡಿಯಲು ಉಣ್ಣಲು ಕೊಡಬಹುದು ಅಂತಲೇ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆಪರೇಷನ್ ಸುಳಿವು ಇದ್ದರೆ ಮಾತ್ರ ಬೇಡ ಅನ್ನುತ್ತಾರೆ.

ಸೊಂಟ ಒತ್ತುವುದನ್ನು ಈಗಲೇ ಕಲಿತುಕೊಳ್ಳಿ, ನಿಮ್ಮ ಕೈಯಿಂದ ಆಗುವ ದೊಡ್ಡ ಸಹಾಯ ಅದೇ. ಬೆನ್ನುಮೂಳೆ ಕೆಳಗೆ ಮುಗಿಯುವ ಕಡೆ, ಕುಂಡಿಯ ಸೀಳು ಶುರುವಾಗುವುದಕ್ಕೆ ಸ್ವಲ್ಪ ಮೇಲೆ, ಚಪ್ಪಟೆಯಾದ ಒಂದು ಜಾಗ ಇದೆ. ನೋವು ಏರಲು ಶುರುವಾದ ಕೂಡಲೇ ಅಲ್ಲಿಗೆ ಅಂಗೈಯ ಬುಡ ಇಟ್ಟು ಒಂದೇ ಸಮ ಒತ್ತಿ. ಉಜ್ಜಬೇಡಿ. ಚರ್ಮ ಉರಿಯುತ್ತದೆ. ಕೈ ಅಲ್ಲೇ ಇರಲಿ, ನಿಮ್ಮ ಮೈ ಭಾರ ಅದರ ಮೇಲೆ ಬರಲಿ. ಹೊಸಬರು ಮೆತ್ತಗೆ ಒತ್ತುತ್ತಾರೆ, ಅವಳು "ಇನ್ನೂ, ಇನ್ನೂ" ಅನ್ನುತ್ತಾಳೆ. ನೋವು ಇಳಿದಾಗ ಮೆಲ್ಲಗೆ ಬಿಡಿ. ಆ ಸಂದಿನಲ್ಲಿ ಅವಳ ಹಣೆ, ಭುಜ, ದವಡೆ ಬಿಗಿಯಾಗಿದೆಯಾ ನೋಡಿ. ಒದ್ದೆ ಬಟ್ಟೆಯಿಂದ ಮುಖ ಒರೆಸಿ. ಮುಂದಿನ ನೋವಿಗೆ ಅವಳ ಜೊತೆ ನೀವೂ ಉಸಿರು ಬಿಡಿ, ಉದ್ದಕ್ಕೆ, ಬಾಯಿಂದ, ಬಿಸಿ ಹಾಲು ಆರಿಸುವ ಹಾಗೆ. ಹೇಳಿಕೊಡುವುದಕ್ಕಿಂತ ನೀವು ಮಾಡುತ್ತಿದ್ದರೆ ಅವಳು ತಾನಾಗಿ ಹಿಂಬಾಲಿಸುತ್ತಾಳೆ. ಹೊಟ್ಟೆಯನ್ನು ಮಾತ್ರ ನೀವೂ ಒತ್ತಬೇಡಿ, ಬೇರೆ ಯಾರಾದರೂ ಒತ್ತಿ ಅಂದರೂ ಒತ್ತಬೇಡಿ.

ಒಂದು ಹೊತ್ತು ಬರುತ್ತದೆ. ಅವಳು ನಡುಗುತ್ತಾಳೆ, ವಾಂತಿ ಮಾಡುತ್ತಾಳೆ, "ನನ್ನ ಕೈಲೆ ಆಗಂಗಿಲ್ಲರಿ, ಮನಿಗಿ ಹೋಗೋಣ ನಡೀರಿ" ಅಂತಾಳೆ. ನಿಮ್ಮನ್ನೇ ಬೈದರೂ ಬೈದಾಳು. ಗರ್ಭಕೋಶದ ಬಾಯಿ ಪೂರ್ತಿ ತೆರೆಯುವ ಮುಂಚಿನ ಹೊತ್ತು ಅದು, ಬಹಳ ಹೆಂಗಸರು ಸೋತೆ ಅನ್ನುವುದು ಅಲ್ಲೇ. ನೀವು ಆಗ ಅವಳ ಕಣ್ಣಿಗೆ ಕಾಣುವ ಹಾಗೆ ಮುಂದೆ ಬನ್ನಿ. ಹೆಸರು ಹಿಡಿದು ಕರೆಯಿರಿ. ದನಿ ಏರಿಸಬೇಡಿ. "ಇಲ್ಲೇ ಇದ್ದೀನಿ, ಎಲ್ಲೂ ಹೋಗಲ್ಲ" ಅನ್ನಿ. ಕುಂಡಿಯ ಕಡೆ ಒತ್ತಿದ ಹಾಗೆ ಆಗುತ್ತಿದೆ, ಮುಕ್ಕಬೇಕು ಅನ್ನಿಸುತ್ತಿದೆ ಅಂದರೆ ಸಿಸ್ಟರನ್ನು ಕರೆಯಿರಿ. ಅವರು ಪರೀಕ್ಷೆ ಮಾಡಿ ಹೇಳುವ ಮುಂಚೆ "ಮುಕ್ಕು, ಮುಕ್ಕು" ಅಂತ ನೀವು ಅವಸರ ಮಾಡಬಾರದು. ಬಾಯಿ ಪೂರ್ತಿ ತೆರೆದ ಮೇಲೂ ಮಗು ಹೊರಗೆ ಬರಲು ಚೊಚ್ಚಲಿನಲ್ಲಿ 3 ಗಂಟೆಯ ತನಕ ಆಗಬಹುದು.

ನಿಮ್ಮ ಹಾಗೆ ಅವಳಿಗೂ ಯಾರಾದರೂ ಬೈದರೆ? ಇದನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. ಹೆರುವ ಹೆಂಗಸಿನ ಮೇಲೆ ಕೂಗಾಡುವುದು, ತೊಡೆಗೆ ಹೊಡೆಯುವುದು, "ಆವಾಗ ಬೇಕಿತ್ತು, ಈಗ ಅಳ್ತೀಯಾ" ಅನ್ನುವುದು ಎಲ್ಲ ತಪ್ಪು, ಯಾವ ಕೆಲಸದ ಒತ್ತಡವೂ ಅದಕ್ಕೆ ಸಮಾಧಾನವಲ್ಲ. ‘ಲಕ್ಷ್ಯ’ ಕಾರ್ಯಕ್ರಮದಲ್ಲಿ ಗೌರವದಿಂದ ಹೆರಿಗೆ ಮಾಡಿಸುವುದೂ ಒಂದು ಗುರಿ. ಜೊತೆಗೆ ಒಬ್ಬರು ಇದ್ದಾರೆ ಅಂದರೆ ಅರ್ಧ ಬೈಗುಳ ಅಲ್ಲೇ ನಿಲ್ಲುತ್ತದೆ. ಆದರೂ ನಡೆದರೆ ನೀವು ತಿರುಗಿ ಜಗಳಕ್ಕೆ ಇಳಿಯಬೇಡಿ, ಆ ಸಿಟ್ಟು ಅವಳ ಮೇಲೆ ತಿರುಗುತ್ತದೆ. "ಸಿಸ್ಟರ್, ಅವಳಿಗೆ ಅಮ್ಮ ಇಲ್ಲ, ತುಂಬಾ ಹೆದರಿದ್ದಾಳೆ. ಏನು ಮಾಡಬೇಕು ಹೇಳಿ, ನಾನು ಮಾಡಿಸ್ತೀನಿ" ಅಂತ ಮೆತ್ತಗೆ ಹೇಳಿ. ಬಹಳ ಸಲ ಆ ಮಾತಿಗೆ ದನಿ ಇಳಿಯುತ್ತದೆ. ಕೈ ಮಾಡಿದರೆ ಮಾತ್ರ, "ಹೊಡೀಬೇಡಿ" ಅಂತ ಸ್ಪಷ್ಟವಾಗಿ ಅನ್ನಿ. ಹೆಸರು, ಹೊತ್ತು ನೆನಪಿಟ್ಟುಕೊಂಡು ಆಮೇಲೆ ಆಸ್ಪತ್ರೆಯ ಮುಖ್ಯಸ್ಥರಿಗೆ ಬರೆದು ಕೊಡಿ. ಯಾವುದೇ ಇಂಜೆಕ್ಷನ್, ಪರೀಕ್ಷೆಗೆ ಮುಂಚೆ "ಇದು ಯಾಕೆ ಅಂತ ಅವಳಿಗೂ ಸ್ವಲ್ಪ ಹೇಳ್ತೀರಾ?" ಅಂತ ಕೇಳುವುದು ನಿಮ್ಮ ಕೆಲಸವೇ. ಬೇಡ, ಮಾಡಬೇಡಿ ಅನ್ನುವುದು ನಿಮ್ಮ ಕೆಲಸವಲ್ಲ, ಅದು ಅವಳ ಮಾತು.

ಆಪರೇಷನ್ ಆಗಬೇಕು ಅಂದರೆ ಥಿಯೇಟರ್ ಒಳಗೆ ಸಾಮಾನ್ಯವಾಗಿ ನಿಮ್ಮನ್ನು ಬಿಡುವುದಿಲ್ಲ. ಟ್ರಾಲಿ ಒಳಗೆ ಹೋಗುವ ತನಕ ಕೈ ಹಿಡಿದಿರಿ. "ನಾನೂ ಮಾಡಿಸಿಕೊಂಡಿದ್ದೀನಿ, ಬಾಗಿಲಲ್ಲೇ ಇರ್ತೀನಿ" ಅಂದರೆ ಅವಳಿಗೆ ಅದೇ ದೊಡ್ಡ ಧೈರ್ಯ. ನಿಮ್ಮ ಸಿಸೇರಿಯನ್ ಇಲ್ಲಿ ಉಪಯೋಗಕ್ಕೆ ಬಂತು ನೋಡಿ.

ಮಗು ಬಂದ ಕೂಡಲೇ ಆಚೆ ಕಾಯುವವರು, ಫೋನಿನಲ್ಲಿರುವವರು ಎಲ್ಲರೂ "ಏನು ಮಗು?" ಅಂತ ಕೇಳುತ್ತಾರೆ. ಮೊದಲು ತಾಯಿಗೆ ಗೊತ್ತಾಗಲಿ, ಆಮೇಲೆ ಉಳಿದವರಿಗೆ. ಹೆಣ್ಣಾದರೆ "ಪರವಾಗಿಲ್ಲ ಬಿಡು" ಅನ್ನುವ ಮಾತು ಯಾರ ಬಾಯಿಂದಲೂ ಅವಳ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳಿ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರೆ ಮಗುವನ್ನು ಬಟ್ಟೆಯಿಲ್ಲದೆ ತಾಯಿಯ ಎದೆಯ ಮೇಲೆ ಹಾಕಿ ಇಬ್ಬರಿಗೂ ಸೇರಿಸಿ ಹೊದಿಸುತ್ತಾರೆ. ಮರೆತಿದ್ದರೆ ನೀವು ಕೇಳಿ. ಒಂದು ಗಂಟೆಯೊಳಗೆ ಎದೆಹಾಲು ಶುರುವಾಗಲಿ. ಮೊದಲ ಹಳದಿ ಹಾಲು ಹಿಂಡಿ ಚೆಲ್ಲಬಾರದು. ಜೇನುತುಪ್ಪ, ಸಕ್ಕರೆ ನೀರು, ಕಾಡಿಗೆ ಯಾವುದೂ ಬೇಡ. ಸ್ನಾನವನ್ನು 24 ಗಂಟೆ ಮುಂದಕ್ಕೆ ಹಾಕಿ.

ಆ ಹೊತ್ತಿನಲ್ಲಿ ಎಲ್ಲರ ಕಣ್ಣೂ ಮಗುವಿನ ಮೇಲೆ ಇರುತ್ತದೆ. ನಿಮ್ಮ ಕಣ್ಣು ತಾಯಿಯ ಮೇಲೆ ಇರಲಿ. ನಮ್ಮ ದೇಶದಲ್ಲಿ ಹೆರಿಗೆಯಲ್ಲಿ ತಾಯಂದಿರು ಸಾಯುವುದಕ್ಕೆ ದೊಡ್ಡ ಕಾರಣ ರಕ್ತಸ್ರಾವ. ಅದು ಹೆರಿಗೆ ಆದ ಮೊದಲ ಕೆಲವು ಗಂಟೆಗಳಲ್ಲೇ ಜಾಸ್ತಿ. ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆದರೆ, ಹೆಪ್ಪುಗಟ್ಟಿದ ರಕ್ತದ ದೊಡ್ಡ ಗಡ್ಡೆ ಬಿದ್ದರೆ, ಮುಖ ಬಿಳಿಚಿಕೊಂಡು ತಣ್ಣಗೆ ಬೆವರಿದರೆ, "ಕಣ್ಣು ಕತ್ತಲಾಗ್ತದ" ಅಂದರೆ ಓಡಿಹೋಗಿ ಸಿಸ್ಟರನ್ನು ಕರೆಯಿರಿ. ಸಂಕೋಚ ಬೇಡ, ನಾಲ್ಕು ಸಲ ಸುಮ್ನೆ ಕರೆದಿರಿ ಅಂದುಕೊಂಡರೂ ಪರವಾಗಿಲ್ಲ.

ಹೇಳಲು ಮನಸ್ಸಿಲ್ಲ, ಆದರೂ ಹೇಳಬೇಕು. ಅಪರೂಪಕ್ಕೆ ಮಗು ಉಳಿಯುವುದಿಲ್ಲ. ಹಾಗಾದರೆ ನೀವು ಮಾಡಿದ್ದರಿಂದಲ್ಲ, ಮಾಡದಿದ್ದರಿಂದಲೂ ಅಲ್ಲ. ಅವಳ ಪಕ್ಕದಲ್ಲೇ ಇರಿ. "ಇನ್ನೊಂದು ಆಗುತ್ತೆ" ಅನ್ನಬೇಡಿ. ಮಗುವನ್ನು ನೋಡಬೇಕು, ಎತ್ತಿಕೊಳ್ಳಬೇಕು ಅಂದರೆ ತಡೆಯಬೇಡಿ. ನೋಡಲ್ಲ ಅಂದರೆ ಬಲವಂತವೂ ಬೇಡ.

ಮನೆಗೆ ಬಂದ ಮೇಲೆ ನಿಮ್ಮ ಹೊಣೆ ಎಷ್ಟು ಅನ್ನುವುದನ್ನೂ ಮೊದಲೇ ಹೇಳಿಬಿಡಿ. ಹೆರಿಗೆಗೆ ಜೊತೆಗಿರುವುದು ಬೇರೆ, ಮೂರು ತಿಂಗಳ ಬಾಣಂತನ ಬೇರೆ. ಬೆಳಿಗ್ಗೆ ಒಂದು ಹೊತ್ತಿನ ಊಟ ಕಳಿಸುತ್ತೇನೆ, ಅಥವಾ ಎಣ್ಣೆ ನೀರಿನ ದಿನ ಬರುತ್ತೇನೆ, ಹೀಗೆ ನಿಮ್ಮ ಕೈಲಾಗುವಷ್ಟು ಒಪ್ಪಿಕೊಳ್ಳಿ. ಉಳಿದದ್ದಕ್ಕೆ ಊರಿಂದ ಯಾರಾದರೂ ಚಿಕ್ಕಮ್ಮನೋ ನಾದಿನಿಯೋ ಬರಲಿ. ಆಶಾ ಕಾರ್ಯಕರ್ತೆ 42ನೇ ದಿನದ ತನಕ ಮನೆಗೆ ಬಂದು ತಾಯಿ ಮಗುವನ್ನು ನೋಡುತ್ತಾರೆ. ಜ್ವರ, ವಾಸನೆಯ ಸ್ರಾವ, ತಲೆ ಸಿಡಿತ, ಕಾಲು ಊದಿ ನೋವು, ಇವು ಕಂಡರೆ ಅವರು ಬರುವ ತನಕ ಕಾಯದೆ ಆಸ್ಪತ್ರೆಗೆ ಹೋಗಬೇಕು. ಮೂರನೇ ನಾಲ್ಕನೇ ದಿನ ಸುಮ್ಮಸುಮ್ಮನೆ ಅಳು ಬರುವುದು ಸಾಮಾನ್ಯ. ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಮಗುವಿನ ಕಡೆ ನೋಡುವುದೇ ಬೇಡ ಅನ್ನಿಸುತ್ತಿದ್ದರೆ, ಸಾಯಬೇಕು ಅನ್ನುವ ಮಾತು ಬಂದರೆ ಡಾಕ್ಟರಿಗೆ ತೋರಿಸಿ. ಸಾಯುವ ಮಾತು ಬಂದ ದಿನವೇ ತೋರಿಸಿ, ಅವಳನ್ನು ಒಬ್ಬಳನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು. ತಾಯಿಯನ್ನು ಕಳೆದುಕೊಂಡು, ಗಂಡ ದೂರ ಇರುವ ಹುಡುಗಿಯಾದ್ದರಿಂದ ಈ ವಿಷಯದಲ್ಲಿ ಸ್ವಲ್ಪ ಜಾಸ್ತಿ ಗಮನ ಕೊಡಿ ಅಂತ ಕೇಳಿಕೊಳ್ಳುತ್ತೇನೆ.

ಕೊನೆಗೆ, ಮಧ್ಯದಲ್ಲಿ ನಿಮ್ಮ ಕೈಲಿ ಆಗದಿದ್ದರೆ ಅನ್ನುವ ಪ್ರಶ್ನೆ. ಆಗಬಹುದು. ಅವತ್ತು ನಿಮಗೇ ಜ್ವರ ಬರಬಹುದು, ನಿಮ್ಮ ಮಗುವಿಗೆ ಹುಷಾರಿಲ್ಲದೆ ಇರಬಹುದು, ಇಡೀ ರಾತ್ರಿ ಕೂತು ಸುಸ್ತಾಗಬಹುದು. ಲೇಬರ್ ವಾರ್ಡಿನ ಬಾಗಿಲು ದಾಟಿದ ಕೂಡಲೇ ಹಳೆಯದೆಲ್ಲ ನೆನಪಾಗಿ ಉಸಿರು ಕಟ್ಟಿದ ಹಾಗೂ ಆಗಬಹುದು. 9ನೇ ತಾರೀಖು ಹೋದಾಗ ಆ ಬಾಗಿಲಿನ ತನಕ ಒಮ್ಮೆ ನಡೆದು ನೋಡಿ. ಅಲ್ಲೇ ಸುಧಾರಿಸಿಕೊಳ್ಳಲು ಆಗದಿದ್ದರೆ ಅವಳಿಗೆ ಈಗಲೇ ಬಿಡಿಸಿ ಹೇಳಿ, ಆಸ್ಪತ್ರೆಯ ತನಕ ಬರುತ್ತೇನೆ, ಒಳಗೆ ಬೇರೆಯವರು ಇರಲಿ ಅಂತ. ಇನ್ನೂ ಎರಡು ತಿಂಗಳು ಇರುವಾಗ ಹೇಳಿದರೆ ಅವಳು ಬೇಜಾರು ಮಾಡಿಕೊಂಡರೂ ಬೇರೆ ದಾರಿ ಹುಡುಕಿಕೊಳ್ಳುತ್ತಾಳೆ. ಆಗುತ್ತದೆ ಅನ್ನಿಸಿದರೂ ಎರಡನೆಯವರೊಬ್ಬರು ಬೇಕೇ ಬೇಕು. ನಿಮ್ಮ ಓಣಿಯಲ್ಲಿ ಅವಳಿಗೆ ಹಿಡಿಸುವ ಇನ್ನೊಬ್ಬ ಹೆಂಗಸು ಯಾರು ಅಂತ ಅವಳನ್ನೇ ಕೇಳಿ, ಸಿಸ್ಟರ್ ಹತ್ತಿರ ನಿಮ್ಮ ಹೆಸರು ಹೇಳುವಾಗ ಆ ಹೆಸರನ್ನೂ ಹೇಳಿಡಿ.